ಚೀಲದ ಮೇಲಿನ ಕೈ

ಅವರ ಬಲಗೈ ಮೇಲೆ ಸದಾ ಒಂದು ಬಿಳಿ ಟವೆಲ್ ಇರುತ್ತಿತ್ತು. ಹೆಗಲಿನಿಂದ ಇಳಿದು, ಮೊಣಕೈ ದಾಟಿ, ಬೆರಳ ತುದಿಯವರೆಗೂ ಮುಚ್ಚಿಕೊಂಡಿರುತ್ತಿತ್ತು. ಬಿಸಿಲಿರಲಿ, ಮಳೆಯಿರಲಿ, ಮಿಲ್ಲಿನೊಳಗೆ ತೌಡಿನ ದೂಳು ಎದ್ದಿರಲಿ, ಆ ಟವೆಲ್ ಜಾರಿದ್ದನ್ನು ನಾನು ನೋಡಿರಲಿಲ್ಲ. ಕಾಫಿ ಲೋಟ ಹಿಡಿಯುವುದು ಎಡಗೈಯಲ್ಲಿ. ಯಾರಾದರೂ ಕೈಮುಗಿದರೆ ಟವೆಲ್ ಸಮೇತ ತಾವೂ ಕೈಮುಗಿಯುವರು. ಮೊದಲ ಸಲ ನೋಡಿದಾಗ, ಕೃಷ್ಣರಾಜನಗರದ ದೊಡ್ಡಮನುಷ್ಯರ ಗತ್ತು ಹೀಗಿರುತ್ತೇನೋ ಅಂದುಕೊಂಡೆ.

ಅವರು ಅಕ್ಕಿ ಮಿಲ್ಲಿನ ಮಾಲೀಕರು. ಊರವರೆಲ್ಲ ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಿರ್ಲೆ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಮಿಲ್ಲು, ಮಿಲ್ಲಿನ ಹಿಂದೆಯೇ ಮನೆ. ನಾನು ಹುಣಸೂರಿನವಳು. ಡಿಪ್ಲೊಮಾ ಮುಗಿಸಿ, ಮದುವೆ ಗೊತ್ತಾಗುವವರೆಗೆ ಸುಮ್ಮನೆ ಕೂರುವುದೇಕೆಂದು, ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಲು ಸೇರಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಆಚೆ ಬಿಟ್ಟು ಬರುತ್ತಿದ್ದ ಕಾಲ ಅದು.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುಕ್ಕರ್ ಕೂಗಿದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಇವಳಿಗೆ ಬೆಚ್ಚೋಕೆ ಕಾರಣವೇ ಬೇಡ ಎಂದು ನಮ್ಮಮ್ಮ ಆಡಿಕೊಳ್ಳುತ್ತಿದ್ದಳು. ಅಂಥವಳನ್ನು ಯಜಮಾನರು ಬೆಚ್ಚಿಸಿದ್ದು ಮಾತ್ರ ಬೇರೆಯೇ ತರಹ. ಇಷ್ಟು ವರ್ಷವಾದರೂ ಆ ಶುಕ್ರವಾರ ನೆನೆದರೆ ನನ್ನ ಕೈ ತಣ್ಣಗಾಗುತ್ತದೆ.

ಮಿಲ್ಲಿಗೆ ಭತ್ತ ಎಷ್ಟು ಬಂತು, ಅಕ್ಕಿ ಎಷ್ಟಾಯಿತು, ತೌಡು ಯಾರಿಗೆ ಹೋಯಿತು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಕೂರಬೇಕೆಂದು ಅವರಿಗೆ ಆಸೆಯಾಗಿತ್ತು. ನಾನೇ ಒಂದು ಸಾಫ್ಟ್‌ವೇರ್ ಬರೆದುಕೊಟ್ಟೆ. ನನ್ನ ಜೀವನದ ಮೊದಲ ಸಾಫ್ಟ್‌ವೇರ್ ಅದು. ತೋರಿಸಲು ಸೆಂಟರಿಗೆ ಕರೆಸಿದೆ. ಜೊತೆಗೆ ಮಿಲ್ಲಿನ ಲೆಕ್ಕ ಬರೆಯುವ ರೈಟರೂ ಬಂದಿದ್ದರು. ಯಜಮಾನರು ಪರದೆಯ ಮುಂದೆ ಕೂತು, ಕತ್ತು ಮುಂದೆ ಚಾಚಿ ನೋಡಿದರು.

"ಇದೇನವ್ವ, ಖಾಲಿ ಚೀಟಿ ತರ?"

"ಅದೇ ಸಾರ್ ನಿಮ್ಮ ಮಿಲ್ಲಿಂದು. ಅದನ್ನ ಎರಡು ಸಲ ಒತ್ತಿದ್ರೆ ಲೆಕ್ಕ ತೆರೆದುಕೊಳ್ಳುತ್ತೆ."

"ನಮ್ದು ಅಂತ ಎಂಗೆ ಗೊತ್ತಾಗದು?"

"ಕೆಳಗೆ ಹೆಸರಿದೆಯಲ್ಲ ಸಾರ್."

"ಎಸ್ರು ಓದೋರ್ಗೆ ಎಸ್ರು. ನಮ್ಮ ಅಮಾಲ್ರು ಚೀಲದ ಮೇಲೆ ಎಸ್ರು ಓದಿ ಎತ್ತಾರಾ? ಕೈ ನೋಡಿ ಎತ್ತಾರೆ. ಗುರುತು ಇರ್ಬೇಕು ಕಣವ್ವ. ಗುರುತಿಲ್ದೆ ಒಂದು ಚೀಲ ಆಚೆ ಕಳ್ಸಿಲ್ಲ ನಾನು."

ಅಷ್ಟು ಹೇಳಿ ಪರದೆಯ ಮೇಲೆ ಪಕ್ಕದಲ್ಲೇ ಇದ್ದ ಇನ್ನೊಂದು ಚಿತ್ರ ತೋರಿಸಿ, ಈ ಡಬ್ಬ ಏನು ಅಂದರು. ಕಸದ ಬುಟ್ಟಿ ಸಾರ್, ಬೇಡದ್ದನ್ನೆಲ್ಲ ಅದಕ್ಕೆ ಹಾಕೋದು ಅಂದೆ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು.

"ಅನ್ನದ ಪಕ್ಕದಲ್ಲಿ ಕಸ ಮಡ್ಗಿದ್ದೀಯಾ? ನೀನೇನು ಊಟ ಮಾಡೋಳೋ ಇಲ್ವೋ!"

ನಾನು ಗಾಬರಿಯಲ್ಲಿ ಕಸದ ಬುಟ್ಟಿಯನ್ನು ಎಳೆದು ಪರದೆಯ ಕೆಳಗಿನ ಮೂಲೆಗೆ ಒಗೆದೆ. ಆಮೇಲೆ ಅವರು ಕೂತರು. ರೈಟರು ಗೋಡೆ ಕಡೆ ತಿರುಗಿ ನಗುತ್ತಿದ್ದರು.

ಅವರ ಮಿಲ್ಲಿನ ಗುರುತು ಕೆ.ಆರ್. ನಗರದ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಚೀಲದ ಮೇಲೆ ಹಸಿರು ಬಣ್ಣದ ತೆರೆದ ಅಂಗೈ, ಅದರ ಕಿರುಬೆರಳಿನ ಪಕ್ಕದಲ್ಲಿ ಬಾಗಿದ ಒಂದು ಭತ್ತದ ತೆನೆ. ಇದು ಯಾರ ಕೈ ಸಾರ್ ಎಂದು ಅವತ್ತು ಕೇಳಿದೆ. ಅವರ ಮುಖ ಅರಳಿತು.

"ನಂದೇ ಕಣವ್ವ. ಚಿಕ್ಕುಡುಗ ಆಗಿದ್ದಾಗಿಂದು."

ನಮ್ಮ ಕಡೆ ಕಣದಲ್ಲಿ ಭತ್ತ ರಾಶಿ ಮಾಡಿದ ಮೇಲೆ, ರಾತ್ರಿ ಯಾರಾದರೂ ಮೊಗೆದುಕೊಂಡು ಹೋದರೆ ತಿಳಿಯಲಿ ಎಂದು ರಾಶಿಯ ಮೇಲೆ ಬೂದಿ ಚೆಲ್ಲಿ ಗುರುತು ಹಾಕುವುದಿತ್ತು. ಕೆಲವರು ಮರದ ಮುದ್ರೆ ಒತ್ತುವರು. ಇವರ ಅಪ್ಪ ಮಗನನ್ನು ಎತ್ತಿ ಹಿಡಿದು ಅವನ ಅಂಗೈ ಒತ್ತಿಸುತ್ತಿದ್ದರಂತೆ.

"ದೊಡ್ಡೋರ್ ಕೈ ಎಲ್ಲಾ ಒಂದೇ ತರ ಇರ್ತದೆ, ಕಳ್ಳ ತನ್ ಕೈನೇ ಒತ್ತಿ ಓಯ್ತಾನೆ. ಮಗಿನ ಕೈ ಎಲ್ಲಿಂದ ತತ್ತಾನೆ ಅಂತಿದ್ದ ನಮ್ಮಪ್ಪ. ಒಂದು ವರ್ಸವೂ ನಮ್ಮ ರಾಶಿ ಮುಟ್ನಿಲ್ಲ ಯಾರೂವೆ. ಮಿಲ್ ಮಾಡ್ದಾಗ ಅದೇ ಕೈನ ಚೀಲಕ್ಕೆ ಆಕ್ಸುದ."

ಹೇಳುವಾಗ ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಬಲಗೈ ಟವೆಲಿನೊಳಗೇ ಇತ್ತು. ಗುರುತಿನ ಬಗ್ಗೆ ಇಷ್ಟು ಹಟ ಮಾಡುವ ಮನುಷ್ಯ ನಮ್ಮ ಸೆಂಟರಿಗೆ ಬಂದವರಲ್ಲಿ ಅವರೊಬ್ಬರೇ. ಅವರಿಗೆ ಒಂದು ಐಕಾನ್ ಮಾಡಿಕೊಡದೆ ಬಿಡಬಾರದು ಅಂದುಕೊಂಡೆ.

ಆ ಅಂಗೈಯ ಚಿತ್ರ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ರೈಟರು ಒಂದು ಹಳೆಯ ಗೋಣಿಚೀಲ ಕತ್ತರಿಸಿ, ಗುರುತಿದ್ದ ತುಂಡನ್ನು ಕಳಿಸಿದರು. ಅದನ್ನು ಫೋಟೋ ಸ್ಟುಡಿಯೋದ ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟೆ. ಗಾಜಿನ ತುಂಬ ತೌಡು ಉದುರಿ ಸ್ಟುಡಿಯೋದವನು ನನ್ನ ಮೇಲೆ ಕೂಗಾಡಿದ. ಪರದೆಯ ಮೇಲೆ ಬಂದದ್ದು ಕೈಗಿಂತ ಹೆಚ್ಚಾಗಿ ಸೆಣಬಿನ ಎಳೆಗಳು. ಕೊನೆಗೆ ಆ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಚುಕ್ಕೆ ಚುಕ್ಕೆಯಾಗಿ ನಾನೇ ಬರೆಯಲು ಕೂತೆ.

ಐಕಾನ್ ಬರೆಯುವುದೆಂದರೆ ಗ್ರಾಫ್ ಹಾಳೆಯಲ್ಲಿ ಬಣ್ಣ ತುಂಬಿದ ಹಾಗೆ. ಅಡ್ಡಕ್ಕೆ ಮೂವತ್ತೆರಡು ಚೌಕ, ಉದ್ದಕ್ಕೆ ಮೂವತ್ತೆರಡು. ಅಷ್ಟೇ ನಮಗೆ ಕೊಟ್ಟ ಜಮೀನು. ದೊಡ್ಡದು ಮಾಡಿಕೊಂಡು ಬರೆಯುವಾಗ ಎಲ್ಲ ಚೆನ್ನಾಗಿರುತ್ತದೆ, ನಿಜವಾದ ಅಳತೆಗೆ ಇಳಿಸಿದ ಕೂಡಲೇ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಐದು ಬೆರಳನ್ನೂ ಬರೆದು, ಪಕ್ಕದಲ್ಲಿ ತೆನೆಯನ್ನೂ ಕೂರಿಸಿ ಇಳಿಸಿ ನೋಡಿದರೆ ಕೋಳಿಯ ಜುಟ್ಟಿನ ಹಾಗೆ ಕಾಣಿಸಿತು. ಬೆರಳು ಸಣ್ಣ ಮಾಡಿದರೆ ಬಾಚಣಿಗೆಯಾಯಿತು. ಭತ್ತದ ತೆನೆ ಬಿಟ್ಟು ಅಕ್ಕಿ ಮಿಲ್ಲಿನ ಗುರುತು ಮಾಡುವುದು ಹೇಗೆ? ಯೋಚಿಸಿ ಯೋಚಿಸಿ, ತೆನೆಯ ಪಕ್ಕದ ಎರಡು ಬೆರಳುಗಳನ್ನು ಒರೆಸಿಹಾಕಿದೆ. ಉಂಗುರದ ಬೆರಳೂ ಹೋಯಿತು, ಕಿರುಬೆರಳೂ ಹೋಯಿತು. ಆ ಜಾಗಕ್ಕೆ ತೆನೆಯನ್ನು ಸರಿಸಿದೆ. ಹೆಬ್ಬೆಟ್ಟು, ಎರಡು ದಪ್ಪ ಬೆರಳು, ಪಕ್ಕದಲ್ಲಿ ಬಾಗಿದ ತೆನೆ. ಈಗ ಇಳಿಸಿ ನೋಡಿದರೆ ಕೈ ಕೈಯಾಗಿತ್ತು, ಭತ್ತ ಭತ್ತವಾಗಿತ್ತು. ಇಷ್ಟು ಚಿಕ್ಕ ಚಿತ್ರದಲ್ಲಿ ಯಾರು ಬೆರಳು ಎಣಿಸುತ್ತಾರೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಶುಕ್ರವಾರ ಮಿಲ್ಲಿನ ಆಫೀಸಿನಲ್ಲಿ ಹೊಸ ಕಂಪ್ಯೂಟರಿಗೆ ಪೂಜೆ. ಮಾನಿಟರಿನ ಹಣೆಗೆ ಅರಿಶಿನ ಕುಂಕುಮ, ಮೇಲೆ ಒಂದು ಎಳೆ ಮಲ್ಲಿಗೆ. ಯಜಮಾನರ ಹೆಂಡತಿ ಬಂದಿದ್ದರು. ಅವರನ್ನು ಎಲ್ಲರೂ ಯಜಮಾನಮ್ಮ ಅನ್ನುತ್ತಿದ್ದರು. ಮಾತು ಕಡಿಮೆ, ಮಿಲ್ಲಿನ ಬಾಗಿಲಿಗೆ ಬಂದರೆ ಹೊಸ್ತಿಲ ಆಚೆಯೇ ನಿಲ್ಲುವವರು. ಅವತ್ತು ಮಾತ್ರ ಒಳಗೆ ಬಂದು ಒಂದು ಮೂಲೆ ಹಿಡಿದಿದ್ದರು. ರೈಟರು ಕಾಯಿ ಒಡೆದರು. ನಾನು ಕಂಪ್ಯೂಟರ್ ಹಾಕಿದೆ. ಪರದೆಯ ಮಧ್ಯದಲ್ಲಿ, ಕಸದ ಬುಟ್ಟಿಯಿಂದ ಸಾಕಷ್ಟು ದೂರದಲ್ಲಿ, ನನ್ನ ಹಸಿರು ಅಂಗೈ ಮೂಡಿತು.

"ನೋಡಿ ಸಾರ್, ನಿಮ್ಮ ಗುರುತು!"

ಯಜಮಾನರು ನಗುತ್ತಲೇ ಬಗ್ಗಿದರು. ಆ ನಗು ಅಲ್ಲಿಗೇ ನಿಂತಿತು. ಮುಖ ಬಿಳಿಚಿಕೊಂಡಿತು. ಕಣ್ಣು ಚಿತ್ರವನ್ನು ಬಿಡಲಿಲ್ಲ.

"ಯಾರು ಯೋಳುದ್ರು ನಿಂಗೆ?"

ನನಗೆ ಅರ್ಥವಾಗಲಿಲ್ಲ. ಅವರು ರೈಟರ ಕಡೆ ತಿರುಗಿದರು. "ನೀನಾ?"

"ದೇವ್ರಾಣೆಗೂ ನಾನಲ್ಲ ಯಜಮಾನ್ರೇ! ನಾನು ಬಾಯಿ ಬುಟ್ಟಿದ್ರೆ ನನ್ನ ನಾಲ್ಗೆ ಸೇದೋಗ್ಲಿ!" ರೈಟರು ಕಾಯಿ ಹೋಳು ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಪೆಚ್ಚಾಗಿ, ಏನಾಯ್ತು ಸಾರ್, ಚೆನ್ನಾಗಿಲ್ವಾ ಅಂದೆ. ಅವರು ಎಡಗೈಯಿಂದ ಟವೆಲನ್ನು ಎಳೆದರು. ಅದು ನೆಲಕ್ಕೆ ಬಿತ್ತು. ಬಲಗೈಯನ್ನು ಎತ್ತಿ ಪರದೆಯ ಪಕ್ಕದಲ್ಲಿ, ನನ್ನ ಚಿತ್ರದ ಸಮಕ್ಕೆ ಹಿಡಿದರು.

ಹೆಬ್ಬೆಟ್ಟು, ಎರಡು ಬೆರಳು. ಅಷ್ಟೇ. ಉಂಗುರದ ಬೆರಳೂ ಕಿರುಬೆರಳೂ ಇರಬೇಕಾದ ಕಡೆ ಬುಡದಿಂದಲೇ ಏನೂ ಇರಲಿಲ್ಲ. ಅಲ್ಲಿಯ ಚರ್ಮ ಇಸ್ತ್ರಿ ಹಾಕಿದ ಹಾಗೆ ನುಣ್ಣಗಿತ್ತು. ನಾನು ಕಿರುಚಿದೆನಂತೆ. ನನಗೆ ಅದು ನೆನಪಿಲ್ಲ, ಆಮೇಲೆ ರೈಟರು ಹೇಳಿದ್ದು. ನನಗೆ ನೆನಪಿರುವುದು ಮೇಜಿನ ಅಂಚು ಹಿಡಿದುಕೊಂಡದ್ದು. ನಾನು ಜಾಗ ಸಾಲದೆ ಒರೆಸಿದ ಎರಡು ಬೆರಳುಗಳೇ ಆ ಮನುಷ್ಯನ ಕೈಯಲ್ಲಿ ಇರಲಿಲ್ಲ!

"ನಂಗೆ ಗೊತ್ತಿರ್ಲಿಲ್ಲ ಸಾರ್. ನಮ್ಮಪ್ಪನಾಣೆ ಗೊತ್ತಿರ್ಲಿಲ್ಲ. ಐದು ಬೆರಳು ಹಿಡಿಸ್ತಿರ್ಲಿಲ್ಲ, ಅದಕ್ಕೇ..." ಎಂದು ಏನೇನೋ ತೊದಲಿದೆ. ಚೌಕಗಳಿದ್ದ ದೊಡ್ಡ ಚಿತ್ರ ತೆರೆದು, ತೆನೆ ಇಲ್ಲಿ ಬರಬೇಕಿತ್ತು, ಅದಕ್ಕೆ ಇಲ್ಲಿಂದ ತೆಗೆದೆ ಎಂದು ತೋರಿಸಿದೆ. ಮೌಸಿನ ಬಾಣ ಹಿಡಿತಕ್ಕೆ ಸಿಗದೆ ಪರದೆಯ ತುಂಬ ಓಡಾಡಿತು.

"ಅಳ್ಸು" ಅಂದರು ಯಜಮಾನರು. ದನಿ ಜೋರಾಗಿರಲಿಲ್ಲ. "ಈಗ್ಲೇ ಅಳ್ಸು. ಜನ ನೋಡಾಕ್ ಮುಂಚೆ."

ನಾನು ಅಳಿಸಲು ಹೊರಟಾಗ ಮೂಲೆಯಿಂದ ಮಾತು ಬಂತು.

"ಅಳಿಸ್ಬ್ಯಾಡ ಕಣವ್ವ."

ಯಜಮಾನಮ್ಮ ಮುಂದೆ ಬಂದಿದ್ದರು. ನೆಲದ ಮೇಲಿನ ಟವೆಲನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಿದ್ದರು.

"ನೀನು ಸುಮ್ಕಿರು" ಅಂದರು ಯಜಮಾನರು.

"ಇಷ್ಟು ವರ್ಸ ಸುಮ್ಕಿದ್ದೆ. ಇವತ್ತು ಯೋಳ್ತೀನಿ ಬುಡಿ." ಅವರು ನನ್ನ ಕಡೆ ತಿರುಗಿದರು. "ನಾನು ಈ ಮನೆಗೆ ಬಂದು ಒಂದು ತಿಂಗ್ಳೂ ಆಗಿರ್ನಿಲ್ಲ ಕಣವ್ವ. ಬುತ್ತಿ ತಕಂಡು ಮಿಲ್ಲಿಗೆ ಬಂದೆ. ಬಾಗ್ಲಲ್ಲಿ ನಿಂತ್ಕಂಡು, ಉಣ್ಣಾಕ್ ಬನ್ನಿ ಅಂತ ಕೂಗ್ದೆ. ಇವ್ರು ಗಾಲಿಗೆ ಬೆಲ್ಟ್ ಏರುಸ್ತಾ ಇದ್ರು. ನನ್ ಕಡೆ ತಿರುಗಿ ನಗುದ್ರು, ಕೈ ಗಾಲಿಗೆ ಸಿಕ್ತು. ಅಷ್ಟೇಯ."

ಆಚೆ ಮಿಲ್ಲಿನ ಸದ್ದು ಒಂದೇ ಸಮನೆ ಬರುತ್ತಿತ್ತು.

"ಊರ್ನೋರು ಏನಂದ್ರು ಗೊತ್ತಾ? ಒಸಾ ಸೊಸೆ ಕಾಲ್ಗುಣ ಅಂದ್ರು. ಕಾಲಿಟ್ಟ ತಿಂಗ್ಳಲ್ಲೇ ಗಂಡನ್ ಕೈ ತಿಂದ್ಲು ಅಂದ್ರು. ನೀರಿಗೋದ್ರೆ ಅದೇ ಮಾತು, ಮದ್ವೆ ಮನೆಗೋದ್ರೆ ಅದೇ ಮಾತು. ಅವತ್ತಿಂದ ಇವ್ರು ಕೈ ಮುಚ್ಕಂಡ್ರು. ಕಣ್ಗೆ ಬೀಳ್ದಿದ್ರೆ ಜನ ಮರೀತಾರೆ ಅಂತ. ಜನ ಮರೆತ್ರು. ನಾನೆಂಗೆ ಮರೀಲಿ? ದಿನಾ ಈ ಟವಲ್ ಒಗಿಯೋಳು ನಾನೇ ಅಲ್ವಾ?"

ನಾನು ಯಜಮಾನರ ಮುಖ ನೋಡಿದೆ. ಅವರು ಮದುವೆ ಮನೆಗಳಿಗೆ ಬಂದರೂ ಎಲೆಯ ಮುಂದೆ ಕೂರದೆ, ಅಡಿಕೆಲೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ದುಡ್ಡಿನ ಸೊಕ್ಕು ಅಂತ ನಮ್ಮ ಸೆಂಟರಿನವರೇ ಆಡಿಕೊಂಡಿದ್ದರು, ನಾನೂ ಹೌದೆಂದು ತಲೆಯಾಡಿಸಿದ್ದೆ. ಈ ಮನುಷ್ಯ ಇಷ್ಟು ಕಾಲ ಊರ ಮುಂದೆ ಉಣ್ಣದೆ ಇದ್ದದ್ದು ಹೆಂಡತಿಯನ್ನು ಒಂದು ಮಾತಿನಿಂದ ಕಾಯಲು.

ಯಜಮಾನಮ್ಮ ಪರದೆಯ ಹತ್ತಿರ ಬಂದು ಆ ಚಿತ್ರವನ್ನು ಮುಟ್ಟಿಯೂ ಮುಟ್ಟದ ಹಾಗೆ ತೋರಿಸಿದರು.

"ನೋಡಿ. ಬೆರಳು ಓದ ಜಾಗಕ್ಕೆ ಭತ್ತ ಬಂದು ಕೂತದೆ. ನನ್ ಕಣ್ಗೆ ಚೆಂದಾಗೇ ಕಾಣ್ತದೆ. ಇರ್ಲಿ ಬುಡಿ. ಅನ್ನೋರು ಅಂದ್ಕಳ್ಲಿ, ಈಗ ನಂಗೇನು ಒಸಾ ಸೊಸೆ ವಯಸ್ಸಾ?"

ಯಜಮಾನರು ಕುರ್ಚಿ ಎಳೆದುಕೊಂಡು ಕೂತು, ಎಡಗೈಯನ್ನು ಮೌಸಿನ ಕಡೆ ಚಾಚಿದರು.

"ಪೂಜೆ ಮಾಡಿ ಎಡ್ಗೈಲಿ ಸುರು ಮಾಡ್ತಾರಾ?" ಅಂದರು ಯಜಮಾನಮ್ಮ.

ಅವರು ಬಲಗೈ ಇಟ್ಟರು. ಹೆಬ್ಬೆಟ್ಟು ಪಕ್ಕಕ್ಕೆ, ಎರಡು ಬೆರಳು ಎರಡು ಗುಂಡಿಗಳ ಮೇಲೆ. ಮೌಸಿಗೆ ಬೇಕಾದದ್ದೂ ಅಷ್ಟೇ ಬೆರಳು. ಆ ಕೈ ಅಲ್ಲಿ ಎಷ್ಟು ಸರಿಯಾಗಿ ಕೂತಿತೆಂದರೆ, ನಾನು ಕಣ್ಣು ಒರೆಸಿಕೊಳ್ಳಬೇಕಾಯಿತು. ಟಕ್ ಟಕ್ ಎಂದಿತು. ಲೆಕ್ಕ ತೆರೆದುಕೊಂಡಿತು.

ಆ ವರ್ಷದ ಸುಗ್ಗಿಗೆ ನನ್ನನ್ನು ಅವರ ಕಣಕ್ಕೆ ಕರೆದಿದ್ದರು. ಬೆರಳು ಹೋದ ಮೇಲೆ ಆ ಮನೆಯಲ್ಲಿ ರಾಶಿಯ ಮೇಲೆ ಅಂಗೈ ಒತ್ತುವುದು ನಿಂತುಹೋಗಿತ್ತು, ಅವರೂ ಮರದ ಮುದ್ರೆಗೆ ಬಂದಿದ್ದರು. ಅವತ್ತು ಪೂಜೆ ಮುಗಿದು ಬೂದಿ ಚೆಲ್ಲಿದರು. ಆಳು ಮುದ್ರೆ ತರಲು ಹೊರಟ. ಯಜಮಾನರು ಅವನನ್ನು ನಿಲ್ಲಿಸಿ, ಅಂಗಿಯ ತೋಳು ಮೇಲೆತ್ತಿಕೊಂಡು ರಾಶಿಯ ಹತ್ತಿರ ಹೋದರು. ಹೆಗಲ ಮೇಲೆ ಟವೆಲ್ ಇರಲಿಲ್ಲ. ಅವರ ದೊಡ್ಡಪ್ಪನ ಮಗ, ವಯಸ್ಸಾದವರು, ಅಡ್ಡ ಬಂದರು.

"ಏನ್ಲಾ ಇದು? ಊನ ಆದ ಕೈಯ ರಾಶಿಗೆ ಒತ್ತಾರೇನ್ಲಾ? ಲಕ್ಷ್ಮಿ ನಿಂತಾಳಾ?"

ಯಜಮಾನರು ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ನಮ್ಮಪ್ಪ ನನ್ ಕೈನೇ ಯಾಕೆ ಒತ್ಸುತಿದ್ದ ಯೋಳಣ್ಣ. ಅಂತ ಕೈ ಕಳ್ಳನ್ ತಾವ ಇರ್ನಿಲ್ಲ ಅಂತ. ಈಗ ಯೋಳು, ಈ ಕೈ ಇನ್ಯಾರ್ ತಾವ ಐತೆ?"

ಅವರು ಮಂಡಿಯೂರಿ ಬೂದಿಯ ಮೇಲೆ ಅಂಗೈ ಒತ್ತಿದರು. ಮೂರು ಬೆರಳು ಸ್ಪಷ್ಟವಾಗಿ ಬಿದ್ದವು. ಕಣದ ಅಂಚಿನಲ್ಲಿ ನಿಂತಿದ್ದ ಯಜಮಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಎಲ್ಲರೆದುರು ಅವರು ಅತ್ತದ್ದನ್ನು ಅದೊಂದೇ ಸಲ ನೋಡಿದ್ದು.

ಮರುವರ್ಷ ಹುಣಸೂರಿನಲ್ಲಿ ನನ್ನ ಮದುವೆ. ಯಜಮಾನರು ಬಂದರು. ಅಡಿಕೆಲೆ ತಟ್ಟೆ ಹಿಡಿದು ಓಡಿದ ನಮ್ಮಪ್ಪನನ್ನು ಪಕ್ಕಕ್ಕೆ ಸರಿಸಿ, "ಮದ್ಲು ಎಲೆ ಆಕ್ಸಿ ಸ್ವಾಮಿ, ಅಸಿವು" ಅಂದರು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನ್ನ ಸಾರು ಕಲಸಿ, ಮೂರು ಬೆರಳಿನಲ್ಲಿ ನಿಧಾನವಾಗಿ ಉಂಡರು. ಒಂದೊಂದು ಅಗುಳು ಜಾರುತ್ತಿತ್ತು, ಎತ್ತಿ ಬಾಯಿಗಿಡುತ್ತಿದ್ದರು. ಅವರ ಜೊತೆ ಬಂದಿದ್ದ ಕೆ.ಆರ್. ನಗರದವರು ತಮ್ಮ ಎಲೆ ಮರೆತು ಅವರನ್ನೇ ನೋಡುತ್ತಿದ್ದರು. ನನ್ನ ಮದುವೆಗೆ ಬಂದ ಉಡುಗೊರೆಗಳಲ್ಲಿ ಈಗ ನೆನಪಿರುವುದು ಆ ಊಟವೊಂದೇ.

ಕೆಲವು ವರ್ಷಗಳ ಮೇಲೆ ಯಜಮಾನರು ಹೋದದ್ದು ಇದ್ದಕ್ಕಿದ್ದ ಹಾಗೆ. ಬೆಳಿಗ್ಗೆ ಮಿಲ್ಲಿಗೆ ಬಂದು, ಕಂಪ್ಯೂಟರ್ ಹಾಕಿಸಿ, ಕಾಫಿ ಕೇಳಿದವರು ಕಾಫಿ ಬರುವಷ್ಟರಲ್ಲಿ ಇರಲಿಲ್ಲ. ರೈಟರು ಫೋನಿನಲ್ಲಿ ಹೇಳಿದಾಗ, ತಮಾಷೆ ಮಾಡಬೇಡಿ ಅಂದೆ. ಹಿಂದಿನ ವಾರವಷ್ಟೇ ಫೋನಿನಲ್ಲಿ, ಕಸದ ಬುಟ್ಟಿ ಮತ್ತೆ ಪಕ್ಕಕ್ಕೆ ಬಂದು ಕೂತದೆ, ಬಂದು ಓಡ್ಸವ್ವ ಎಂದು ನಕ್ಕಿದ್ದರು. ಸಿಕ್ಕ ಬಸ್ಸು ಹತ್ತಿ ಹೋದೆ.

ಮಿಲ್ಲಿನ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮಿಲ್ಲು ನಿಂತಿತ್ತು. ಆ ಅಂಗಳದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಆಫೀಸಿನ ಕಿಟಕಿಯಿಂದ ನೋಡಿದರೆ ಕಂಪ್ಯೂಟರಿನ ಪರದೆ ಇನ್ನೂ ಹಾಗೇ ಉರಿಯುತ್ತಿತ್ತು, ಆರಿಸಲು ಯಾರಿಗೂ ತೋಚಿರಲಿಲ್ಲ. ನೆಂಟರ ಹೆಂಗಸೊಬ್ಬರು ಯಜಮಾನರ ಬಲಗೈಯನ್ನು ಹೊದಿಸಿದ್ದ ಶಾಲಿನೊಳಗೆ ಸೇರಿಸಿ, ಮೇಲೆ ಹೂವಿನ ಹಾರ ಸರಿಮಾಡಿದರು. ಬಂದವರ ಕಣ್ಣಿಗೆ ಬೀಳದಿರಲಿ ಎಂದು.

ತಲೆಯ ಹತ್ತಿರ ಕೂತಿದ್ದ ಯಜಮಾನಮ್ಮ ಅದನ್ನು ನೋಡಿದರು.

"ಮುಚ್ಬ್ಯಾಡಿ" ಅಂದರು. "ಆ ಕೈ ಆಚೆ ಇರ್ಲಿ."

ಹಾರ ಸರಿಸಿ, ಶಾಲಿನೊಳಗಿಂದ ಆ ಕೈಯನ್ನು ತಾವೇ ಈಚೆಗೆ ತೆಗೆದು ಎದೆಯ ಮೇಲೆ ಇಟ್ಟರು. ಆಮೇಲೆ ಎದ್ದು, ಮಿಲ್ಲಿನ ಬಾಗಿಲಿಗೆ ಕಟ್ಟಿದ್ದ ತೆನೆಯ ಗೊಂಚಲಿನಿಂದ ಒಂದು ಭತ್ತದ ತೆನೆ ಎಳೆದುಕೊಂಡು ಬಂದರು. ಬೆರಳು ಹೋಗಿದ್ದ ಜಾಗದಲ್ಲಿ ಅದನ್ನು ಇಟ್ಟು, ಬಾಗಿದ ತುದಿಯನ್ನು ಮೆಲ್ಲಗೆ ಸರಿಮಾಡಿದರು.

ನಾನು ಚೌಕ ಚೌಕವಾಗಿ ಬರೆದಿದ್ದ ಚಿತ್ರವೇ ನನ್ನ ಮುಂದೆ ಮಲಗಿತ್ತು. ಕುಕ್ಕರ್ ಕೂಗಿದರೆ ಬೆಚ್ಚುವ ನಾನು ಬೆಚ್ಚುವುದನ್ನೂ ಅಳುವುದನ್ನೂ ಮರೆತು ಅಲ್ಲೇ ನಿಂತಿದ್ದೆ.